ಹಂಪೆಯ ಎರಡು ಕವಿನಿಷ್ಠೆಗಳು

ರಾಘವಾಂಕನ ಹಲ್ಲುಗಳು ಉದುರಿದ ಕಥೆಯನ್ನು ಕೇಳದ ಕನ್ನಡ ಸಾಹಿತ್ಯದ ವಿದ್ಯಾರ್ಥಿ ಇರಲಾರನು. ಸೋದರಮಾವನೂ ಗುರುವೂ ಆದ ಹರಿಹರನು, ಅಳಿಯನು ಬರೆದು ತಂದ ‘ಹರಿಶ್ಚಂದ್ರಕಾವ್ಯ’ವನ್ನು ಕಂಡು, ಶಿವಭಕ್ತನಲ್ಲದ ಭೂಪತಿಯೊಬ್ಬನನ್ನು ಹಾಡಿದನೆಂದು ಕೋಪಗೊಂಡು ಪಾದುಕೆಯಿಂದ ಹೊಡೆದನೆಂದೂ, ಐದು ಹಲ್ಲುಗಳು ಬಿದ್ದುವೆಂದೂ, ಅನಂತರ ಶಿವಪರವಾದ ಐದು ಕೃತಿಗಳನ್ನು ರಚಿಸಲು ಕೃತಿಗೊಂದರಂತೆ ಹಲ್ಲುಗಳು ಮರಳಿ ಬಂದುವೆಂದೂ ಸಂಪ್ರದಾಯವು ಹೇಳುತ್ತದೆ. ಈ ಕಥೆ ಪುರಾಣ ಪ್ರವಚನಗಳಲ್ಲಿ ಗುರುಶಾಸನದ ಮಹಿಮೆಗೆ ದೃಷ್ಟಾಂತವಾಗಿ ಬರುತ್ತದೆ. ಕಾಲೇಜಿನ ತರಗತಿಗಳಲ್ಲಿ ಕವಿಸ್ವಾತಂತ್ರ್ಯದ ಮೇಲೆ ಮತವು ನಡೆಸಿದ ದಬ್ಬಾಳಿಕೆಗೆ ದೃಷ್ಟಾಂತವಾಗಿ ಬರುತ್ತದೆ. ಒಂದೇ ಕಥೆಯನ್ನು ಪರಸ್ಪರ ವಿರುದ್ಧವಾದ ಎರಡು ಪಕ್ಷಗಳು ಸಾಕ್ಷಿಗೆ ಕರೆದಾಗ, ಸಾಕ್ಷಿಯನ್ನು ಮತ್ತೊಮ್ಮೆ ವಿಚಾರಿಸುವುದು ಉಚಿತ. ನಮ್ಮ ಅನುಮಾನವೇನೆಂದರೆ, ಎರಡು ಪಕ್ಷದವರೂ ಕಾವ್ಯಗಳನ್ನು ಬದಿಗಿಟ್ಟು ಹಲ್ಲುಗಳನ್ನೇ ಎಣಿಸುತ್ತ ಕುಳಿತಿದ್ದಾರೆ.

ಕವಿಯಾದವನು ತನ್ನ ಅಂತರಂಗ ಒಪ್ಪಿದುದನ್ನೇ ಬರೆಯುತ್ತೇನೆಂದು ನಿಲ್ಲುವುದಕ್ಕೆ ಧೈರ್ಯ ಬೇಕು. ಆ ಧೈರ್ಯವು ಯಾರೆದುರಿಗೆ ಬೇಕಾಗುತ್ತದೆ ಎಂಬುದರ ಮೇಲೆ ಅದರ ಸ್ವರೂಪವೂ ಬೇರೆಯಾಗುತ್ತದೆ. ಹರಿಹರನಿಗೆ ಅದು ಬೇಕಾದುದು ಅರಮನೆಯ ಎದುರಿಗೆ. ರಾಘವಾಂಕನಿಗೆ ಅದು ಬೇಕಾದುದು ತಾನು ಪ್ರೀತಿಸಿ ಪೂಜಿಸುತ್ತಿದ್ದ ಹರಿಹರನ ಎದುರಿಗೆ. ಒಂದೇ ಊರಿನ, ಒಂದೇ ಮನೆತನದ, ಒಂದೇ ದೈವವನ್ನು ನಂಬಿದ ಈ ಇಬ್ಬರನ್ನು ಜೊತೆಯಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಹರಿಹರನಿಗೆ ಮುಂಚಿನ ಕನ್ನಡ ಕಾವ್ಯ ಬಹುಮಟ್ಟಿಗೆ ಆಸ್ಥಾನದ ನೆರಳಿನಲ್ಲಿ ಬೆಳೆದುದು. ಪಂಪನು ಕ್ರಿ.ಶ. 941ರಲ್ಲಿ ‘ಆದಿಪುರಾಣ’ವನ್ನೂ ‘ವಿಕ್ರಮಾರ್ಜುನ ವಿಜಯ’ವನ್ನೂ ರಚಿಸಿದಾಗ, ಮೊದಲನೆಯದು ಜಿನನಿಗೆ, ಎರಡನೆಯದು ಅರಿಕೇಸರಿಗೆ ಎಂದು ತನ್ನ ಋಣವನ್ನು ಎರಡು ಪಾಲು ಮಾಡಿಕೊಂಡನು. ಅರ್ಜುನನ ಕಥೆಯೊಳಗೆ ಚಾಲುಕ್ಯ ಅರಿಕೇಸರಿಯನ್ನು ಕೂರಿಸಿದನು. ರನ್ನನು ಗದಾಯುದ್ಧದ ಭೀಮನಲ್ಲಿ ಸತ್ಯಾಶ್ರಯನನ್ನು ಕಂಡನು. ಈ ಮಹಾಕವಿಗಳನ್ನು ಅರಸರ ಹೊಗಳುಭಟರೆಂದು ಹೀಗಳೆಯುವುದು ಅವಿವೇಕ. ಆಶ್ರಯದಾತನ ಹೆಸರಿನ ಹಂಗಿನಲ್ಲಿದ್ದೂ ಪಂಪನ ಕರ್ಣ, ರನ್ನನ ದುರ್ಯೋಧನರು ಅರಸನ ಅಂಕೆಯನ್ನು ಮೀರಿ ಬೆಳೆದು ನಿಂತರೆಂಬುದು ರಸಿಕರಿಗೆ ತಿಳಿದದ್ದೇ. ಆದರೆ ವ್ಯವಸ್ಥೆ ಮಾತ್ರ ಹಾಗಿತ್ತು. ಹೊಯ್ಸಳರ ಕಾಲಕ್ಕೂ ಅದೇ ವ್ಯವಸ್ಥೆ ಮುಂದುವರಿದಿತ್ತು. 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ ಜನ್ನನು ವೀರಬಲ್ಲಾಳನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಕವಿಗೆ ಅನ್ನವೂ ಬಿರುದೂ ಶ್ರೋತೃವರ್ಗವೂ ಒಂದೇ ಬಾಗಿಲಿನಿಂದ ಬರುತ್ತಿದ್ದ ಕಾಲವದು. ಆ ಬಾಗಿಲಿಗೆ ಬೆನ್ನು ತಿರುಗಿಸಿದವನು ಮೂರನ್ನೂ ಒಟ್ಟಿಗೆ ಬಿಡಬೇಕಾಗಿತ್ತು.

ಹರಿಹರನು ಹಂಪೆಯವನು, ಮಹಾದೇವ ಮತ್ತು ಶರ್ವಾಣಿಯರ ಮಗ. ದೋರಸಮುದ್ರದಲ್ಲಿ ನರಸಿಂಹಬಲ್ಲಾಳನ ಬಳಿ ಕರಣಿಕನಾಗಿದ್ದನೆಂಬುದು ಸಂಪ್ರದಾಯದ ಮಾತು. ಈ ನರಸಿಂಹನು 1152ರಿಂದ 1173ರವರೆಗೆ ಆಳಿದ ಮೊದಲನೆಯವನೋ, 1220ರಿಂದ 1235ರವರೆಗೆ ಆಳಿದ ಎರಡನೆಯವನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಕವಿಯ ಕಾಲನಿರ್ಣಯವೂ ಅದಕ್ಕೆ ತಕ್ಕಂತೆ ಹಿಂದುಮುಂದಾಗುತ್ತದೆ. ಸುಮಾರು 1200 ಎಂದಿಟ್ಟುಕೊಂಡರೆ ನಮ್ಮ ಪ್ರಕೃತ ವಿಷಯಕ್ಕೆ ಬಾಧೆಯಿಲ್ಲ. ಒಂದು ದಿನ ಆಸ್ಥಾನದಲ್ಲಿ ಲೆಕ್ಕದ ಓಲೆಯನ್ನು ಹಿಡಿದು ಕುಳಿತಿದ್ದ ಹರಿಹರನು ಇದ್ದಕ್ಕಿದ್ದಂತೆ ಓಲೆಯನ್ನು ಕೈಯಲ್ಲಿ ಹೊಸಕಿದನಂತೆ. ಕಾರಣವನ್ನು ಕೇಳಿದಾಗ, ಹಂಪೆಯಲ್ಲಿ ವಿರೂಪಾಕ್ಷನ ಸನ್ನಿಧಿಯ ತೆರೆಗೆ ಬೆಂಕಿ ತಗುಲಿತ್ತು, ಅದನ್ನು ನಂದಿಸಿದೆ ಎಂದನಂತೆ. ಅರಸನು ಆಳನ್ನು ಕಳುಹಿಸಿ ವಿಚಾರಿಸಲು ಅದು ನಿಜವೆಂದು ತಿಳಿಯಿತಂತೆ.

ಪವಾಡದ ಮಾತು ಭಕ್ತರ ನಂಬಿಕೆಗೆ ಬಿಟ್ಟದ್ದು. ಆದರೆ ಈ ಕಥೆಯಲ್ಲಿ ಪವಾಡದ ಜೊತೆಗೆ ಒಂದು ಮನೋವ್ಯಾಪಾರವೂ ಇದೆ. ಕೈ ದೋರಸಮುದ್ರದ ಓಲೆಯ ಮೇಲೆ, ಮನಸ್ಸು ಹಂಪೆಯ ಗರ್ಭಗುಡಿಯಲ್ಲಿ. ಹೊಟ್ಟೆಪಾಡಿನ ಉದ್ಯೋಗದಲ್ಲಿ ಕುಳಿತು ಇನ್ನೆಲ್ಲಿಯೋ ಇರುವವನ ಇಬ್ಬಂದಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಚಿತ್ರ ಬೇರೊಂದಿಲ್ಲ. ಅನಂತರ ಹರಿಹರನು ಉದ್ಯೋಗವನ್ನು ಬಿಟ್ಟು ಹಂಪೆಗೆ ಮರಳಿದನು. ವಿರೂಪಾಕ್ಷನನ್ನೂ ಆತನ ಶರಣರನ್ನೂ ಅಲ್ಲದೆ ನರಮಾತ್ರರನ್ನು ಸ್ತುತಿಸೆನೆಂಬ ನಿಷ್ಠೆಯನ್ನು ತಳೆದನು. ಆತನ ‘ಪುಷ್ಪರಗಳೆ’ಯನ್ನು ಓದಿದವರಿಗೆ ಆ ಹೊಸ ದಿನಚರಿ ಕಣ್ಣಿಗೆ ಕಟ್ಟುತ್ತದೆ. ಬೆಳಗಿನ ಜಾವದಲ್ಲಿ ಎದ್ದು, ತೋಟಕ್ಕೆ ಹೋಗಿ, ಒಂದೊಂದು ಹೂವನ್ನೂ ಮಾತನಾಡಿಸಿ, ಅದರ ಒಪ್ಪಿಗೆಯನ್ನು ಪಡೆದಂತೆ ಕೊಯ್ದು, ಮಾಲೆ ಕಟ್ಟಿ ಶಿವನಿಗೆ ಏರಿಸುವ ಸಂಭ್ರಮ. ಲೆಕ್ಕ ಬರೆಯುತ್ತಿದ್ದ ಬೆರಳುಗಳು ಹೂವಿಗೆ ಬಂದುವು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಹರಿಹರನೇ ಬರೆದ ‘ಬಸವರಾಜದೇವರ ರಗಳೆ’ಯಲ್ಲಿ ಬಸವಣ್ಣನವರು ಮಂಗಳವಾಡದ ಗಣಕರ ನಡುವೆ ಕುಳಿತು ಲೆಕ್ಕದ ದೋಷವನ್ನು ತೋರಿಸಿಕೊಡುವ ಸನ್ನಿವೇಶವಿದೆ. ಗಣಕರ ಚಾವಡಿಯನ್ನು ಒಳಗಿನಿಂದ ಕಂಡವನು ಬರೆದ ಭಾಗವೆಂದು ಅದನ್ನು ಓದುವಾಗ ನಮಗೆ ಅನ್ನಿಸುತ್ತದೆ. ಆದರೆ ಬಸವಣ್ಣನವರು ಭಂಡಾರದಲ್ಲಿದ್ದುಕೊಂಡೇ ಕಾಯಕವನ್ನೂ ದಾಸೋಹವನ್ನೂ ನಡೆಸಿದರು. ಹರಿಹರನು ಭಂಡಾರವನ್ನು ಬಿಟ್ಟನು. ಒಬ್ಬರ ದಾರಿ ಮತ್ತೊಬ್ಬರಿಗೆ ವಿಧಿಯಾಗಲಿಲ್ಲ. ಉದ್ಯೋಗವನ್ನು ತೊರೆದರೆ ಮಾತ್ರ ಕವಿಯು ಸತ್ಯವಂತನಾಗುತ್ತಾನೆಂದು ಇದರಿಂದ ಯಾರೂ ತೀರ್ಮಾನಿಸಬೇಕಾಗಿಲ್ಲ.

ಹರಿಹರನ ನಿಜವಾದ ಸಾಹಸವು ಉದ್ಯೋಗ ಬಿಟ್ಟುದರಲ್ಲಿ ಮುಗಿಯಲಿಲ್ಲ, ಅಲ್ಲಿಂದ ಆರಂಭವಾಯಿತು. ಅರಸನನ್ನು ಬಿಟ್ಟ ಮೇಲೆ ಅರಸನಿಗಾಗಿ ಹುಟ್ಟಿದ ಕಾವ್ಯರೂಪವನ್ನು ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಉಳಿದಿತ್ತು. ಚಂಪುವಿನಲ್ಲಿ ಆತನ ಶಕ್ತಿಯೇನೂ ಕಡಿಮೆಯದಲ್ಲ. ಹತ್ತು ಆಶ್ವಾಸಗಳ ‘ಗಿರಿಜಾಕಲ್ಯಾಣ’ವೇ ಅದಕ್ಕೆ ಪ್ರಮಾಣ. ರಗಳೆಯಲ್ಲಲ್ಲದೆ ಪ್ರೌಢವಾಗಿ ಬರೆಯಲಾರನೆಂದು ಆಡಿಕೊಂಡವರ ಬಾಯಿ ಮುಚ್ಚಿಸುವುದಕ್ಕೆ ಅದನ್ನು ಬರೆದನೆಂದು ಒಂದು ಐತಿಹ್ಯವಿದೆ. ಅದು ಮೊದಲ ಕೃತಿಯೋ, ರಗಳೆಗಳ ನಡುವಿನದೋ ಎಂಬುದು ವಿವಾದದ ವಿಷಯ. ಐತಿಹ್ಯವು ನಿಜವಾದರೆ ನಮಗೆ ತುಸು ಖೇದವೇ ಆಗುತ್ತದೆ. ಅರಸನಿಗೆ ಅಂಜದವನು ಪಂಡಿತರ ಪಿಸುಮಾತಿಗೆ ಉತ್ತರ ಕೊಡಹೊರಟನಲ್ಲ ಎಂದು. ಹಾಗಾಗಿದ್ದರೂ ಆಶ್ಚರ್ಯಪಡಬೇಕಾದುದಿಲ್ಲ, ದೊಡ್ಡ ಭಯವನ್ನು ಗೆದ್ದವರನ್ನು ಸಣ್ಣ ಮಾತು ಚುಚ್ಚುವುದುಂಟು.

ಅದು ಹೇಗೇ ಇರಲಿ, ಆತನ ಹೆಸರು ನಿಂತದ್ದು ರಗಳೆಗಳಿಂದ. ರಗಳೆ ಹರಿಹರನು ಕಂಡುಹಿಡಿದ ಛಂದಸ್ಸಲ್ಲ. ಪಂಪನಿಂದ ಮೊದಲುಗೊಂಡು ಚಂಪುಕವಿಗಳು ವರ್ಣನೆಯ ನಡುವೆ ಅಲ್ಲಲ್ಲಿ ಅದನ್ನು ಬಳಸಿದ್ದರು. ಔತಣದ ಎಲೆಯ ಅಂಚಿನಲ್ಲಿದ್ದ ವ್ಯಂಜನವನ್ನೇ ಹರಿಹರನು ಊಟವನ್ನಾಗಿ ಮಾಡಿದನು. ಎರಡೆರಡು ಸಾಲಿಗೆ ಪ್ರಾಸ, ಸಾಲುಗಳಿಗೆ ಮಿತಿಯಿಲ್ಲ, ಎಲ್ಲಿಯೂ ತಡೆಯಿಲ್ಲ. ಭಕ್ತಿಯ ಆವೇಶವು ಉಕ್ಕಿ ಹರಿಯುವುದಕ್ಕೆ ಇಂಥ ಕಾಲುವೆಯೇ ಬೇಕಾಗಿತ್ತು. ಬಸವರಾಜದೇವರ ರಗಳೆಯಂಥ ಕೃತಿಗಳಲ್ಲಿ ಒಂದು ಸ್ಥಲ ಪದ್ಯ, ಮುಂದಿನದು ಗದ್ಯ ಎಂದು ಬದಲಿಸುತ್ತ ಹೋಗುವ ಹೊಸ ಕ್ರಮವನ್ನೂ ತಂದನು. ಆ ಕೃತಿಯ ಹದಿಮೂರು ಸ್ಥಲಗಳು ಮಾತ್ರ ನಮಗೆ ದೊರೆತಿರುವುದು ದುರ್ದೈವ. ಕಥಾನಾಯಕರಾದರೂ ಯಾರು? ಬೇಡ ಕಣ್ಣಪ್ಪ, ಕುಂಬಾರ ತಿರುನೀಲಕಂಠ, ಮಾದಾರ ಚೆನ್ನಯ್ಯ, ತನ್ನ ಹಟದಲ್ಲಿ ಶಿವನನ್ನೇ ಸಖನನ್ನಾಗಿ ಮಾಡಿಕೊಂಡ ನಂಬಿಯಣ್ಣ, ಅಕ್ಕಮಹಾದೇವಿ, ಅಲ್ಲಮಪ್ರಭು. ನರಸ್ತುತಿಯನ್ನು ಬಿಡುತ್ತೇನೆಂಬುದು ನಿಷೇಧದ ಮಾತು. ಅದು ಬರಿಯ ನಿಷೇಧವಾಗಿ ಉಳಿಯದೆ, ಅರಸನ ಪೀಠದಲ್ಲಿ ಕುಂಬಾರನನ್ನು ಕೂರಿಸುವ ಕಾವ್ಯವಾಯಿತು. ಇದೇ ಬಗೆಯ ಪ್ರಯತ್ನವನ್ನು ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥನು ದ್ವಿಪದಿಯೆಂಬ ದೇಸಿಯ ಮಟ್ಟಿನಲ್ಲಿ ‘ಬಸವಪುರಾಣ’ವನ್ನು ರಚಿಸಿ ಮಾಡಿದನು. ಶರಣರ ಮಾತನ್ನು ಜನರ ಮಟ್ಟಿನಲ್ಲಿಯೇ ಹೇಳಬೇಕೆಂಬ ಅರಿವು ಎರಡು ನಾಡುಗಳಲ್ಲಿಯೂ ಮೂಡಿತ್ತು.

ಇಷ್ಟಾದರೂ ಹರಿಹರನಿಗೆ ಒಂದು ಆಧಾರವಿತ್ತೆಂಬುದನ್ನು ಮರೆಯಬಾರದು. ಎದುರಿದ್ದವನು ಅರಸನು, ಹೊರಗಿನವನು. ಬೆನ್ನ ಹಿಂದೆ ವಿರೂಪಾಕ್ಷನಿದ್ದನು, ಶರಣಸಮೂಹವಿತ್ತು, ಬಸವಯುಗದ ನೆನಪು ಇನ್ನೂ ಹಸಿರಾಗಿತ್ತು. ಅರಮನೆಯಲ್ಲಿ ಕಳೆದುಕೊಂಡ ಗೌರವವು ಗುಡಿಯಲ್ಲಿ ಇಮ್ಮಡಿಯಾಗಿ ದೊರೆಯಿತು. ರಾಘವಾಂಕನ ಪಾಡು ಹಾಗಲ್ಲ. ಆತನು ಹರಿಹರನ ತಂಗಿ ರುದ್ರಾಣಿಯ ಮಗ; ಆತನ ತೊಡೆಯ ಮೇಲೆ ಬೆಳೆದವನು; ಅಕ್ಷರ, ದೀಕ್ಷೆ, ಕಾವ್ಯ ಮೂರನ್ನೂ ಆತನಿಂದಲೇ ಪಡೆದವನು. ಇಂಥವನಿಗೆ ಗುರುವಿಗಿಂತ ಬೇರೆಯಾದ ಒಂದು ಮಾತು ಒಳಗೆ ಹುಟ್ಟಿದರೆ ಅವನು ಹೋಗಿ ನಿಲ್ಲುವುದಾದರೂ ಎಲ್ಲಿ?

ಈಗ ಪಾದುಕೆಯ ಕಥೆಗೆ ಬರೋಣ. ಅದು ವಿಸ್ತಾರವಾಗಿ ಬರುವುದು 17ನೆಯ ಶತಮಾನದ ಸಿದ್ಧನಂಜೇಶನ ‘ರಾಘವಾಂಕ ಚರಿತ್ರೆ’ಯಲ್ಲಿ, ಎಂದರೆ ರಾಘವಾಂಕನಿಗಿಂತ ಸುಮಾರು ನಾಲ್ಕು ಶತಮಾನಗಳ ಈಚೆಗೆ. ಹಂಪೆಯ ದೇವರಾಜನೆಂಬ ಅರಸನ ಸಭೆಯಲ್ಲಿ ಕಾವ್ಯವನ್ನು ಓದಿದನೆಂದು ಕಥೆ ಹೇಳುತ್ತದೆ. 1336ರ ವಿಜಯನಗರ ಸ್ಥಾಪನೆಗೆ ನೂರು ವರ್ಷಗಳ ಹಿಂದೆ ಹಂಪೆಯಲ್ಲಿ ಆಳಿದ ಈ ದೇವರಾಜನನ್ನು ಶಾಸನಗಳ ಆಧಾರದಿಂದ ಗುರುತಿಸುವುದು ಕಷ್ಟ. ಕವಿಯು ಓರುಗಲ್ಲಿಗೆ ಹೋಗಿ ಪ್ರತಾಪರುದ್ರನ ಆಸ್ಥಾನದಲ್ಲಿ ಗೆದ್ದನೆಂಬ ಮಾತೂ ಉಂಟು. ಪ್ರಸಿದ್ಧನಾದ ಪ್ರತಾಪರುದ್ರನು 1289ರಿಂದ 1323ರವರೆಗೆ ಆಳಿದವನು, ಆತನು ಈ ಕಾಲಕ್ಕೆ ಹೊಂದುವುದಿಲ್ಲ. ಅದೇ ಹೆಸರಿನಿಂದ ಕರೆಯಲ್ಪಡುತ್ತಿದ್ದ ಹಿಂದಿನ ಕಾಕತೀಯ ರುದ್ರದೇವನನ್ನು ತಂದರೆ ಕಾಲವನ್ನು ಹಿಂದಕ್ಕೆ ಎಳೆಯಬೇಕಾಗುತ್ತದೆ. ಚರಿತ್ರೆಯ ಕಟ್ಟಡವನ್ನು ಇಂಥ ಅಡಿಪಾಯದ ಮೇಲೆ ಎಬ್ಬಿಸಲಾಗದು.

ಇದಕ್ಕಿಂತ ಬಲವಾದ ಸಾಕ್ಷ್ಯವು ಹರಿಶ್ಚಂದ್ರಕಾವ್ಯದ ಪೀಠಿಕೆಯಲ್ಲಿಯೇ ಇದೆ. ಅಲ್ಲಿ ಕವಿಯು ತನ್ನನ್ನು ಹಂಪೆಯ ಹರೀಶ್ವರನ ಮಗನೆಂಬ ಅಭಿಮಾನದಿಂದ ಕರೆದುಕೊಳ್ಳುತ್ತಾನೆ. ಗುರುವನ್ನು ಮನದುಂಬಿ ನೆನೆಯುತ್ತಾನೆ. ಗುರುವು ಒಪ್ಪಲಾರನೆಂದು ತಿಳಿದಿದ್ದ ಕಾವ್ಯದ ಬಾಗಿಲಿನಲ್ಲಿ ಗುರುವಿನ ಹೆಸರನ್ನೇ ತೋರಣವಾಗಿ ಕಟ್ಟಿದನೆಂದರೆ, ಅದು ಬಂಡಾಯಗಾರನ ನಡೆಯಲ್ಲ. ಮುಚ್ಚಿಟ್ಟು ಬರೆದವನ ನಡೆಯೂ ಅಲ್ಲ. ಕಾವ್ಯದ ಪ್ರೌಢಿಯನ್ನು ಕಂಡರೆ ಇದು ಪ್ರಾಯದ ಹುಮ್ಮಸ್ಸಿನಲ್ಲಿ ಬರೆದ ಮೊದಲ ಕೃತಿಯೆಂಬ ಮಾತಿನಲ್ಲಿಯೂ ಸಂಶಯ ಹುಟ್ಟುತ್ತದೆ. ಆದುದರಿಂದ ಪಾದುಕೆ ನಿಜವಾಗಿ ಬೀಸಿತೆಂದು ನಾವು ನಂಬುವುದಿಲ್ಲ. ಆದರೆ ಕಥೆಯನ್ನು ಕಟ್ಟಿದವರು ಶೂನ್ಯದಿಂದ ಕಟ್ಟಿದರೆಂದೂ ನಂಬುವುದಿಲ್ಲ. ಗುರುವಿನ ಕಾವ್ಯವನ್ನೂ ಶಿಷ್ಯನ ಕಾವ್ಯವನ್ನೂ ಓದಿದ ಶರಣಸಮೂಹಕ್ಕೆ ಎರಡರ ನಡುವೆ ಏನೋ ಒಂದು ಘರ್ಷಣೆ ಇದೆಯೆಂದು ತೋರಿರಬೇಕು. ಹಲ್ಲಿನ ಕಥೆ ಆ ಓದಿನ ಫಲ. ಆ ಘರ್ಷಣೆಯನ್ನು ಹುಡುಕಬೇಕಾದ ಜಾಗ ಕಾವ್ಯವೇ.

ಹರಿಶ್ಚಂದ್ರನ ಕಥೆ ಪ್ರಾಚೀನವಾದುದು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರನು ಸತ್ಯಕ್ಕೆ ಆದರ್ಶನಲ್ಲ; ವರುಣನಿಗೆ ಮಗನನ್ನು ಕೊಡುತ್ತೇನೆಂದು ಮಾತುಕೊಟ್ಟು, ಒಂದಲ್ಲ ಒಂದು ನೆಪದಿಂದ ಕಾಲವನ್ನು ತಳ್ಳಿ, ಕಡೆಗೆ ಶುನಃಶೇಪನೆಂಬ ಪರರ ಮಗನನ್ನು ಯೂಪಕ್ಕೆ ಕಟ್ಟಿಸಿದವನು. ಮಾರ್ಕಂಡೇಯ ಪುರಾಣದಲ್ಲಿ ಆತನು ವಿಶ್ವಾಮಿತ್ರನಿಗೆ ರಾಜ್ಯವನ್ನು ಕೊಟ್ಟು, ಮಡದಿ ಮಗನನ್ನು ಮಾರಿ, ಸುಡುಗಾಡನ್ನು ಕಾಯುವ ಸತ್ಯಸಂಧನಾಗುತ್ತಾನೆ. ಕೊನೆಯಲ್ಲಿ ಧರ್ಮನೂ ಇಂದ್ರನೂ ಬಂದು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ರಾಘವಾಂಕನ ಕೈಯಲ್ಲಿ ಈ ಕಥೆ ಕಾಶಿಯ ಕಥೆಯಾಗುತ್ತದೆ. ಚಂದ್ರಮತಿಯ ಕೊರಳಿನ ಮೇಲೆ ಕತ್ತಿ ಎತ್ತಿದ ಕ್ಷಣದಲ್ಲಿ ಕಾಣಿಸಿಕೊಳ್ಳುವವನು ವಿಶ್ವೇಶ್ವರ. ಹರನಿಗೂ ಸತ್ಯಕ್ಕೂ ಭೇದವಿಲ್ಲವೆಂಬುದು ಈ ಕಾವ್ಯದ ಪ್ರಾಣಭೂತವಾದ ಮಾತು.

ಇಲ್ಲಿಯೇ ಘರ್ಷಣೆಯ ಬೀಜವಿದೆ. ಹರಿಹರನ ದೃಷ್ಟಿಯಲ್ಲಿ ಕಾವ್ಯಕ್ಕೆ ಅರ್ಹನಾಗುವವನು ಶಿವನನ್ನು ನಂಬಿದವನು. ಆತನು ಬೇಡನಾಗಲಿ, ಕುಂಬಾರನಾಗಲಿ, ಭಕ್ತಿಯೊಂದಿದ್ದರೆ ಸಾಕು. ರಾಘವಾಂಕನು ಅದೇ ಬಾಗಿಲನ್ನು ಇನ್ನಷ್ಟು ಅಗಲಿಸಿದನು. ಶಿವನ ಹೆಸರನ್ನು ಹಿಡಿದು ಕುಣಿಯದೆ, ಆಡಿದ ಮಾತಿಗೆ ತಪ್ಪದೆ ನಿಂತವನೂ ಶಿವನನ್ನೇ ಹಿಡಿದು ನಿಂತವನು ಎಂದನು. ಗುರುವಿನ ನಿಷ್ಠೆಯಿಂದ ಹೊರಟೇ, ಗುರುವು ಕಾಲಿಡದಿದ್ದ ನೆಲವನ್ನು ಮುಟ್ಟಿದನು. ವಿಶ್ವೇಶ್ವರನನ್ನು ಕೊನೆಯಲ್ಲಿ ತಂದುದು ಗುರುವಿನ ಕೋಪವನ್ನು ತಣಿಸುವ ಉಪಾಯವೆಂದು ಕೆಲವರು ಹೇಳಬಹುದು. ಕಾವ್ಯವನ್ನು ಪೂರ್ತಿ ಓದಿದವರಿಗೆ ಹಾಗೆನ್ನಿಸಲಾರದು. ಕೊನೆಯಲ್ಲಿ ಅಂಟಿಸಿದ ದೇವರಾಗಿದ್ದರೆ ನಡುವಣ ಸಂಕಟಕ್ಕೆ ಅಷ್ಟು ಉರಿ ಇರುತ್ತಿರಲಿಲ್ಲ. ಅಲ್ಲಿ ಹರಿಶ್ಚಂದ್ರನು ದೇವರ ಅಭಯವಿಲ್ಲದೆ, ಮುಂದೇನೆಂಬುದು ತಿಳಿಯದೆ, ಬರಿಯ ಮಾತನ್ನೊಂದನ್ನೇ ನೆಚ್ಚಿ ಬೀದಿಯಲ್ಲಿ ನಿಂತಿದ್ದಾನೆ. ಹರಿಹರನ ಶರಣರಿಗೆ ಈ ಒಂಟಿತನವಿಲ್ಲ. ಕರೆದಾಗ ಓಗೊಡುವ ಶಿವನು ಅವರ ಮಗ್ಗುಲಲ್ಲೇ ಇರುತ್ತಾನೆ.

ಗಾಣರಾಣಿಯರ ಪ್ರಸಂಗವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಇಬ್ಬರು ಅನಾಮಿಕ ಕನ್ನೆಯರು ಅರಸನೆದುರು ಹಾಡುತ್ತಾರೆ. ಅರಸನು ಮೆಚ್ಚಿ ಕೊಟ್ಟ ಆಭರಣಗಳು ಬೇಡವೆಂದು ಆತನ ಬೆಳ್ಗೊಡೆಯನ್ನು ಬೇಡುತ್ತಾರೆ. ಅದನ್ನು ಕೊಡಲಾರೆನೆಂದರೆ ತಮ್ಮನ್ನು ವರಿಸೆನ್ನುತ್ತಾರೆ. ಕುಲದ ಮಾತು ಬಂದಾಗ ಅವರು ಕೇಳುವ ಪ್ರಶ್ನೆ ಸಾಮಾನ್ಯವಾದುದಲ್ಲ. ನಮ್ಮ ಹಾಡನ್ನು ಕಿವಿ ಸವಿದುದಕ್ಕೆ, ನಮ್ಮ ರೂಪನ್ನು ಕಣ್ಣು ಕಂಡುದಕ್ಕೆ ಇಲ್ಲದ ಹೊಲೆ ಮುಟ್ಟುವುದಕ್ಕೆ ಮಾತ್ರ ಎಲ್ಲಿಂದ ಬಂತೆಂದು ಅವರು ಕೇಳುತ್ತಾರೆ. ಹರಿಶ್ಚಂದ್ರನು ಕಥೆಯ ನಾಯಕ, ಕವಿಗೆ ಅತ್ಯಂತ ಪ್ರಿಯನಾದವನು. ಆದರೂ ಈ ವಾದದಲ್ಲಿ ಆತನಿಗೆ ಸಮರ್ಪಕವಾದ ಉತ್ತರ ಹೊಳೆಯುವುದಿಲ್ಲ, ಕೋಪವೊಂದೇ ಉಳಿಯುತ್ತದೆ. ತನ್ನ ನಾಯಕನು ಸೋಲುವ ವಾದವನ್ನು ಎದುರಾಳಿಯ ಬಾಯಲ್ಲಿ ಪೂರ್ಣಬಲದಿಂದ ನುಡಿಸುವ ಕವಿಯು ಅಪೂರ್ವ. ಅದೇ ಅರಸನು ಮುಂದೆ ವೀರಬಾಹುವಿಗೆ ತನ್ನನ್ನು ಮಾರಿಕೊಂಡು ಕಾಶಿಯ ಸುಡುಗಾಡಿನಲ್ಲಿ ನಿಲ್ಲುವುದನ್ನು ಕಂಡಾಗ, ಆ ಕನ್ನೆಯರ ಪ್ರಶ್ನೆಗೆ ಉತ್ತರವನ್ನು ಆತನು ಬದುಕಿನಿಂದಲೇ ಕೊಡಬೇಕಾಯಿತೆಂದು ಓದುಗರಿಗೆ ತೋರುತ್ತದೆ. ರಾಘವಾಂಕನು ಎಲ್ಲಿಯೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಇನ್ನು ಛಂದಸ್ಸಿನ ಮಾತು. ಈ ಲೇಖನದಲ್ಲಿ ನಮಗೆ ಅತ್ಯಂತ ಮುಖ್ಯವೆಂದು ತೋರುವ ಸಾಕ್ಷ್ಯ ಇದೇ. ಲಲಿತ ರಗಳೆಯ ಪ್ರತಿಯೊಂದು ಸಾಲಿನಲ್ಲಿಯೂ ಐದು ಮಾತ್ರೆಯ ನಾಲ್ಕು ಗಣಗಳು ಇರುತ್ತವೆ. ಹರಿಶ್ಚಂದ್ರಕಾವ್ಯದ ವಾರ್ಧಕ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಇರುವುದೂ ಐದು ಮಾತ್ರೆಯ ನಾಲ್ಕು ಗಣಗಳೇ. ಎಂದರೆ ಶಿಷ್ಯನು ಬಾಲ್ಯದಿಂದ ಕೇಳಿದ ಗುರುವಿನ ನಡಿಗೆಯನ್ನು ಬಿಡಲಿಲ್ಲ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಮಾತ್ರ ಅಂಥ ಆರು ಗಣಗಳೂ ಮೇಲೊಂದು ಗುರುವೂ ಬಂದು ಒಟ್ಟು 32 ಮಾತ್ರೆಗಳಾಗಿ, ಸಾಲು ಉದ್ದಕ್ಕೆ ಚಾಚಿ, ಗುರುವಿನ ಮೇಲೆ ನಿಲ್ಲುತ್ತದೆ. ರಗಳೆಗೆ ನಿಲುಗಡೆಯಿಲ್ಲ, ಷಟ್ಪದಿಗೆ ಪ್ರತಿ ಮೂರನೆಯ ಸಾಲಿಗೆ ಒಂದು ನಿಲುಗಡೆ. ನಡಿಗೆ ಗುರುವಿನದು, ನಿಲುಗಡೆ ತನ್ನದು. ಮಾತಿಗೆ ಮಾತು ಕೊಡುವ ಪಾತ್ರಗಳಿಗೆ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಸನ್ನಿವೇಶಗಳಿಗೆ ಈ ನಿಲುಗಡೆ ಅವಶ್ಯಕ. ಹರಿಹರನದು ಭಾವದ ಪ್ರವಾಹ, ಅಲ್ಲಿ ವಾದಿಸುವ ಇಬ್ಬರಿಲ್ಲ. ರಾಘವಾಂಕನದು ನಾಟಕ, ವಿಶ್ವಾಮಿತ್ರ, ವಸಿಷ್ಠ, ನಕ್ಷತ್ರಿಕ, ಚಂದ್ರಮತಿ ಪ್ರತಿಯೊಬ್ಬರಿಗೂ ಅವರವರ ದನಿ ಬೇಕು. ಷಟ್ಪದಿಯನ್ನು ರಾಘವಾಂಕನೇ ಹುಟ್ಟಿಸಲಿಲ್ಲ. ಅದರ ಲಕ್ಷಣವು ನಾಗವರ್ಮನ ‘ಛಂದೋಂಬುಧಿ’ಯಲ್ಲಿಯೇ ಇದೆ. ಆದರೆ ಮಹಾಕಾವ್ಯವೊಂದರ ಭಾರವನ್ನು ಅದು ಹೊರಬಲ್ಲುದೆಂದು ತೋರಿಸಿದವನು ಆತನು. ರಗಳೆಯ ವಿಷಯದಲ್ಲಿ ಗುರುವು ಮಾಡಿದುದನ್ನೇ ಶಿಷ್ಯನು ಷಟ್ಪದಿಯ ವಿಷಯದಲ್ಲಿ ಮಾಡಿದನು. ಗುರುವನ್ನು ಅನುಸರಿಸಿದ್ದರಿಂದಲೇ ಗುರುವಿನಂತೆ ಬರೆಯದವನಾದನು.

ಸಂಪ್ರದಾಯವು ಹೇಳುವಂತೆ ಆತನು ಹೆದರಿ ತಿದ್ದಿಕೊಂಡಿದ್ದರೆ, ಮುಂದಿನ ಕೃತಿಗಳಲ್ಲಿ ರಗಳೆಗೆ ಮರಳಬೇಕಾಗಿತ್ತು. ಹಾಗಾಗಲಿಲ್ಲ. ‘ಸೋಮನಾಥ ಚರಿತ್ರೆ’ಯನ್ನು ನೋಡಿ. ಸೌರಾಷ್ಟ್ರದ ಆದಯ್ಯನು ಪುಲಿಗೆರೆಗೆ ಬಂದು, ಜೈನ ಮನೆತನದ ಪದ್ಮಾವತಿಯನ್ನು ವರಿಸಿ, ಹಟ ತೊಟ್ಟು ಸೋಮನಾಥನನ್ನು ಅಲ್ಲಿಗೆ ತಂದ ಕಥೆ. ಪುಲಿಗೆರೆ ಇಂದಿನ ಲಕ್ಷ್ಮೇಶ್ವರ. ಸೋಮೇಶ್ವರನ ಗುಡಿಯನ್ನು ಇಂದಿಗೂ ಅಲ್ಲಿ ಕಾಣಬಹುದು. ಇದೇ ಆದಯ್ಯನನ್ನು ಕುರಿತು ಹರಿಹರನು ರಗಳೆಯನ್ನು ಬರೆದಿದ್ದನು. ಗುರುವು ಹಾಡಿದ ಶರಣನನ್ನೇ ಆರಿಸಿಕೊಂಡು, ಗುರುವಿನ ಛಂದಸ್ಸನ್ನು ಮಾತ್ರ ಬಿಟ್ಟು, ಷಟ್ಪದಿಯಲ್ಲಿಯೇ ಬರೆದನು. ಇದು ವಿಧೇಯತೆಯೂ ಹೌದು, ಸ್ವಾತಂತ್ರ್ಯವೂ ಹೌದು. ಎರಡನ್ನೂ ಬೇರ್ಪಡಿಸುವುದು ನಮ್ಮಿಂದಾಗದು. ದಕ್ಷಯಜ್ಞದ ‘ವೀರೇಶ ಚರಿತ್ರೆ’ಯನ್ನು ಉದ್ದಂಡ ಷಟ್ಪದಿಯಲ್ಲಿ ಬರೆದನು. ಅದರಲ್ಲಿ ಆರ್ಭಟವಿದೆ, ಕವಿಯ ಹೃದಯ ಅಷ್ಟಾಗಿ ಕಾಣುವುದಿಲ್ಲ.

ಹೃದಯವನ್ನು ಕಾಣಬೇಕಾದರೆ ‘ಸಿದ್ಧರಾಮ ಚರಿತ್ರೆ’ಗೆ ಬರಬೇಕು. ಸೊನ್ನಲಿಗೆಯ ಹೊಲದಲ್ಲಿ ಕಾವಲಿದ್ದ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮನಾಗಿ ಬರುತ್ತಾನೆ. ಬೆಳಸೆಯನ್ನು ತಿಂದು, ಮಜ್ಜಿಗೆಯನ್ನ ಬೇಕೆನ್ನುತ್ತಾನೆ. ಹುಡುಗನು ಮನೆಗೆ ಓಡಿ ತರುವಷ್ಟರಲ್ಲಿ ಆತನು ಅಲ್ಲಿಲ್ಲ. ಮಲ್ಲಯ್ಯಾ ಎಂದು ಕೂಗುತ್ತ, ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಹಿಂದೆ ನಡೆದುಹೋಗುತ್ತಾನೆ. ಅಲ್ಲಿ ಅವರು ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯನೆಂದರೆ ಬಾಲಕನು ಒಪ್ಪುವುದಿಲ್ಲ. ತನ್ನೊಡನೆ ಮಾತನಾಡಿದ, ತನ್ನ ಕೈಯ ಬೆಳಸೆಯನ್ನು ತಿಂದ ಮಲ್ಲಯ್ಯನು ಇವನಲ್ಲವೆಂದು ಅಳುತ್ತಾನೆ. ಸಾವಿರಾರು ಮಂದಿ ಕೈಮುಗಿಯುವ ಸನ್ನಿಧಿಯಲ್ಲಿ ನಿಂತು, ನಾನು ಕಂಡದ್ದು ಇದಲ್ಲ ಎನ್ನುವ ಆ ಮಗುವಿನ ಹಟವನ್ನು ರಾಘವಾಂಕನು ಎಲ್ಲಿಂದ ತಂದನೆಂದು ನಾವು ಹಲವು ಸಲ ಯೋಚಿಸಿದ್ದೇವೆ. ಹಿರಿಯರು ತೋರಿಸಿದುದು ಸುಳ್ಳಲ್ಲ. ಮಗುವು ಕಂಡುದೂ ಸುಳ್ಳಲ್ಲ. ಕಥೆಯಲ್ಲಿ ಮಲ್ಲಿಕಾರ್ಜುನನೇ ಪ್ರತ್ಯಕ್ಷನಾಗಿ ಬಾಲಕನ ಪಕ್ಷವನ್ನು ವಹಿಸುತ್ತಾನೆ, ಹಾಗೆಂದು ಹಿರಿಯರನ್ನು ಹಳಿಯುವುದಿಲ್ಲ.

ಕನ್ನಡ ಕಾವ್ಯವು ಮುಂದೆ ಹಿಡಿದ ದಾರಿ ಎಲ್ಲರಿಗೂ ತಿಳಿದದ್ದು. 1369ರಲ್ಲಿ ಭೀಮಕವಿಯು ಸೋಮನಾಥನ ಬಸವಪುರಾಣವನ್ನು ಕನ್ನಡಕ್ಕೆ ತಂದುದು ಷಟ್ಪದಿಯಲ್ಲಿ. ಕುಮಾರವ್ಯಾಸನ ಭಾರತ, ಚಾಮರಸನ ‘ಪ್ರಭುಲಿಂಗಲೀಲೆ’, 1584ರ ವಿರೂಪಾಕ್ಷ ಪಂಡಿತನ ‘ಚೆನ್ನಬಸವ ಪುರಾಣ’, ಲಕ್ಷ್ಮೀಶನ ‘ಜೈಮಿನಿ ಭಾರತ’ ಎಲ್ಲವೂ ಷಟ್ಪದಿಗಳೇ. ರಗಳೆಯನ್ನು ಹರಿಹರನಂತೆ ಹಿಡಿದು ನಡೆಸಿದವರು ವಿರಳ. ಆತನ ಕೃತಿಗಳು ಬಹುಕಾಲ ಓಲೆಗರಿಗಳಲ್ಲಿಯೇ ಇದ್ದು, ಫ.ಗು. ಹಳಕಟ್ಟಿ, ಟಿ.ಎಸ್. ವೆಂಕಣ್ಣಯ್ಯ ಮೊದಲಾದವರ ಶ್ರಮದಿಂದ ಕಳೆದ ಶತಮಾನದಲ್ಲಿ ಅಚ್ಚಿನ ಬೆಳಕನ್ನು ಕಂಡುವು. ವೆಂಕಣ್ಣಯ್ಯನವರೇ ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ಹರಿಶ್ಚಂದ್ರಕಾವ್ಯದ ಸಂಗ್ರಹವನ್ನೂ ಸಿದ್ಧಪಡಿಸಿದರು. ಗುರುವನ್ನು ಬೆಳಕಿಗೆ ತಂದ ಕೈಯೇ ಶಿಷ್ಯನನ್ನೂ ವಿದ್ಯಾರ್ಥಿಗಳ ಬಳಿಗೆ ಕರೆತಂದಿತು.

ರಾಘವಾಂಕನು ಕೊನೆಗಾಲದಲ್ಲಿ ಬೇಲೂರಿಗೆ ಹೋಗಿ ಅಲ್ಲಿಯೇ ಐಕ್ಯನಾದನೆಂದು ಪ್ರತೀತಿ. ಹಲ್ಲುಗಳನ್ನು ಮರಳಿ ತಂದುವೆನ್ನಲಾದ ಐದು ಕೃತಿಗಳಲ್ಲಿ ಸೋಮನಾಥ, ಸಿದ್ಧರಾಮ, ವೀರೇಶ ಚರಿತ್ರೆಗಳು ನಮಗೆ ದೊರೆತಿವೆ. ‘ಶರಭ ಚಾರಿತ್ರ’ ದೊರೆತಿಲ್ಲ. ಐದನೆಯದು ‘ಹರಿಹರ ಮಹತ್ವ’, ಶಿಷ್ಯನು ತನ್ನ ಗುರುವನ್ನೇ ಕುರಿತು ಬರೆದ ಕಾವ್ಯ. ಅದೂ ದೊರೆತಿಲ್ಲ. ಗುರುವು ತಿರಸ್ಕರಿಸಿದನೆಂದು ಹೇಳಲಾಗುವ ಹರಿಶ್ಚಂದ್ರಕಾವ್ಯವನ್ನು ಮಾತ್ರ ಗಮಕಿಗಳು ಊರೂರಿನಲ್ಲಿ ಓದುತ್ತ ಬಂದಿದ್ದಾರೆ. ಅದರ ಪೀಠಿಕೆಯಲ್ಲಿ ಹಂಪೆಯ ಹರೀಶ್ವರನ ಹೆಸರು ಬಂದಾಗ ಶ್ರೋತೃಗಳು ಕೈ ಮುಗಿಯುತ್ತಾರೆ.